ಈಜು, ಸೈಕಲ್, ಓಟ: ಮೊದಲ ಸಲ ಸ್ಪರ್ಧಿಸುವವರಿಗೆ ಒಂದಿಷ್ಟು ಮಾತು

ಈಜು ಬಲ್ಲವರು ಊರಿಗೆ ಹತ್ತಾರು ಮಂದಿಯಾದರೂ ಇರುತ್ತಾರೆ. ಸೈಕಲ್ ತುಳಿಯಲು ಬರದವರು ಅಪರೂಪ. ಓಡಲು ನಮ್ಮಿಂದಾಗದು ಎನ್ನುವವರು ಕೊನೆಯ ಬಸ್ಸು ಹೊರಟಾಗ ಹೇಗೆ ಓಡುತ್ತಾರೆಂಬುದನ್ನು ನೀವೇ ನೋಡಿದ್ದೀರಿ. ಈ ಮೂರನ್ನೂ ಒಂದರ ಬೆನ್ನಿಗೆ ಒಂದರಂತೆ, ನಡುವೆ ಗಡಿಯಾರ ನಿಲ್ಲಿಸದೆ ಮಾಡಿ ಮುಗಿಸುವ ಸ್ಪರ್ಧೆಗೆ ಟ್ರಯಥ್ಲಾನ್ ಎಂದು ಹೆಸರು. ಮೊದಲು ಈಜು, ಆಮೇಲೆ ಸೈಕಲ್, ಕೊನೆಗೆ ಓಟ. ಬಟ್ಟೆ ಬದಲಿಸಿ, ಬೂಟು ಹಾಕಿಕೊಳ್ಳುವ ಹೊತ್ತೂ ಲೆಕ್ಕಕ್ಕೆ ಸೇರುತ್ತದೆ. ಅದನ್ನು ಈ ಕ್ರೀಡೆಯ ನಾಲ್ಕನೆಯ ವಿಭಾಗವೆಂದು ತಮಾಷೆಗೆ ಹೇಳುವುದುಂಟು. ತಮಾಷೆಯಾದರೂ ಮಾತು ನಿಜ.

ಇದರ ಚರಿತ್ರೆ ಬಹಳ ಹಳೆಯದಲ್ಲ. 1974ರ ಸೆಪ್ಟೆಂಬರ್ 25ರಂದು ಅಮೆರಿಕದ ಸ್ಯಾನ್ ಡಿಯೇಗೋ ನಗರದ ಮಿಷನ್ ಬೇ ಎಂಬಲ್ಲಿ ಅಲ್ಲಿನ ಓಟಗಾರರ ಸಂಘವೊಂದು ಸಂಜೆಯ ಹೊತ್ತಿನಲ್ಲಿ ಏರ್ಪಡಿಸಿದ್ದ ಸ್ಪರ್ಧೆಯನ್ನು ಆಧುನಿಕ ಟ್ರಯಥ್ಲಾನ್‌ಗಳಲ್ಲಿ ಮೊದಲನೆಯದೆಂದು ಎಣಿಸುತ್ತಾರೆ. ಜ್ಯಾಕ್ ಜಾನ್‌ಸ್ಟೋನ್ ಮತ್ತು ಡಾನ್ ಶಾನಹಾನ್ ಅದರ ರೂವಾರಿಗಳು. ಭಾಗವಹಿಸಿದವರು 46 ಮಂದಿ. ಕೊನೆಯವರು ಇನ್ನೂ ನೀರಿನಲ್ಲಿದ್ದಾಗಲೇ ಕತ್ತಲಾಯಿತಂತೆ. ಕಾರುಗಳನ್ನು ನೀರಿನತ್ತ ಮುಖಮಾಡಿ ನಿಲ್ಲಿಸಿ, ದೀಪ ಹಾಕಿ ಅವರಿಗೆ ದಾರಿ ತೋರಿಸಿದರು. ಹಿಂದೆ ಉಳಿದವರಿಗಾಗಿ ದೀಪ ಹಿಡಿದು ಕಾದ ಆ ಸಂಜೆಯ ಗುಣ ಇಂದಿಗೂ ಈ ಕ್ರೀಡೆಯಲ್ಲಿ ಸ್ವಲ್ಪಮಟ್ಟಿಗೆ ಉಳಿದಿದೆ. ಅಂದು ಭಾಗವಹಿಸಿದವರಲ್ಲಿ ನೌಕಾದಳದ ಅಧಿಕಾರಿ ಜಾನ್ ಕಾಲಿನ್ಸ್ ಮತ್ತು ಅವರ ಪತ್ನಿ ಜೂಡಿ ಕಾಲಿನ್ಸ್ ಸಹ ಇದ್ದರು. ಇದೇ ದಂಪತಿಗಳು 1978ರಲ್ಲಿ ಹವಾಯಿಯಲ್ಲಿ 3.8 ಕಿಲೋಮೀಟರ್ ಈಜು, 180 ಕಿಲೋಮೀಟರ್ ಸೈಕಲ್, ಮೇಲೊಂದು ಪೂರ್ಣ ಮ್ಯಾರಥಾನ್ ಸೇರಿಸಿ 'ಐರನ್‌ಮನ್' ಸ್ಪರ್ಧೆಯನ್ನು ಆರಂಭಿಸಿದರು. ಹೊರಟವರು 15 ಜನ, ಮುಗಿಸಿದವರು 12 ಜನ.

ಜಗತ್ತಿಗೆಲ್ಲ ಈ ಕ್ರೀಡೆಯ ಪರಿಚಯವಾದದ್ದು ಮಾತ್ರ ದೂರದರ್ಶನದ ತೆರೆಯ ಮೇಲೆ. 1982ರ ಫೆಬ್ರವರಿಯಲ್ಲಿ ಅದೇ ಹವಾಯಿಯಲ್ಲಿ ಜೂಲಿ ಮಾಸ್ ಎಂಬ ವಿದ್ಯಾರ್ಥಿನಿ ಮಹಿಳೆಯರಲ್ಲಿ ಎಲ್ಲರಿಗಿಂತ ಮುಂದಿದ್ದಳು. ಗುರಿ ಕಣ್ಣಿಗೆ ಕಾಣುವಾಗ ಕಾಲುಗಳು ಕುಸಿದವು. ಎದ್ದಳು, ಬಿದ್ದಳು. ಕೊನೆಗೆ ಮೊಣಕಾಲೂರಿ ತೆವಳಿಕೊಂಡೇ ಗೆರೆ ಮುಟ್ಟಿದಳು. ಅಷ್ಟರಲ್ಲಿ ಕ್ಯಾಥ್ಲೀನ್ ಮೆಕಾರ್ಟ್ನಿ ಅವಳನ್ನು ದಾಟಿ, 29 ಸೆಕೆಂಡುಗಳ ಅಂತರದಲ್ಲಿ ಗೆದ್ದಾಗಿತ್ತು. ಆ ದೃಶ್ಯ ನೋಡಿ ಸಾವಿರಾರು ಮಂದಿ ಟ್ರಯಥ್ಲಾನ್‌ಗೆ ಬಂದರು. ಅವಳ ಛಲಕ್ಕೆ ನಾನೂ ತಲೆಬಾಗುತ್ತೇನೆ. ಆದರೆ ಮೊದಲ ಸಲ ಇಳಿಯುವವರಿಗೆ ಅದು ಒಳ್ಳೆಯ ಪಾಠವಲ್ಲ. ತೆವಳುವ ಸ್ಥಿತಿಗೆ ಬಾರದಂತೆ ಸ್ಪರ್ಧೆಯನ್ನು ಮುಗಿಸುವುದು ಹೇಗೆ ಎಂಬುದೇ ನಿಮ್ಮೊಡನೆ ನಾನು ಹಂಚಿಕೊಳ್ಳಬೇಕೆಂದಿರುವ ವಿಷಯ.

ಮೊದಲ ಪ್ರಶ್ನೆ, ಎಷ್ಟು ದೂರದ ಸ್ಪರ್ಧೆ ಆರಿಸಿಕೊಳ್ಳಬೇಕು? ಸಿಡ್ನಿಯಲ್ಲಿ 2000ದಲ್ಲಿ ಟ್ರಯಥ್ಲಾನ್ ಒಲಿಂಪಿಕ್ಸ್‌ಗೆ ಸೇರಿತು. ಅಲ್ಲಿನ ಅಳತೆ ಒಂದೂವರೆ ಕಿಲೋಮೀಟರ್ ಈಜು, 40 ಕಿಲೋಮೀಟರ್ ಸೈಕಲ್, 10 ಕಿಲೋಮೀಟರ್ ಓಟ. ಇದರ ಸರಿಯಾಗಿ ಅರ್ಧ, ಅಂದರೆ 750 ಮೀಟರ್, 20 ಕಿಲೋಮೀಟರ್, 5 ಕಿಲೋಮೀಟರ್ ಇರುವುದಕ್ಕೆ ಸ್ಪ್ರಿಂಟ್ ಎನ್ನುತ್ತಾರೆ. ಹೊಸಬರಿಗೆ ತಕ್ಕದ್ದು ಇದೇ. 2019ರ ಅಕ್ಟೋಬರ್‌ನಲ್ಲಿ ಗೋವಾದ ಪಣಜಿಯಲ್ಲಿ ಅರ್ಧ ಐರನ್‌ಮನ್ ಅಳತೆಯ ಸ್ಪರ್ಧೆ ಶುರುವಾದ ಮೇಲೆ ಕರ್ನಾಟಕದಿಂದಲೂ ಬಹಳ ಮಂದಿ ಅತ್ತ ಆಕರ್ಷಿತರಾದರು. ಅದರಲ್ಲಿ 1.9 ಕಿಲೋಮೀಟರ್ ಕಡಲ ಈಜು, 90 ಕಿಲೋಮೀಟರ್ ಸೈಕಲ್, 21.1 ಕಿಲೋಮೀಟರ್ ಓಟ. ಸ್ನೇಹಿತರು ಹೋಗುತ್ತಿದ್ದಾರೆಂದು ನೇರವಾಗಿ ಅದಕ್ಕೇ ಹೆಸರು ಕೊಡುವವರಿದ್ದಾರೆ. ಅಕ್ಷರ ಕಲಿಯುತ್ತಲೇ ಮಹಾಕಾವ್ಯಕ್ಕೆ ಕೈಹಾಕಿದಂತೆ ಅದು. ಒಂದೆರಡು ಸ್ಪ್ರಿಂಟ್ ಮುಗಿಸಿ ಹೋಗಿ, ಗೋವಾ ಎಲ್ಲಿಗೂ ಓಡಿಹೋಗುವುದಿಲ್ಲ.

ಈಗ ಒಂದು ಸಣ್ಣ ಲೆಕ್ಕ ಮಾಡೋಣ. ನೂರು ಮೀಟರ್ ಈಜಲು ನಿಮಗೆ ಎರಡೂವರೆ ನಿಮಿಷ ಬೇಕೆಂದಿಟ್ಟುಕೊಳ್ಳಿ. 750 ಮೀಟರಿಗೆ ಹೆಚ್ಚುಕಡಿಮೆ 19 ನಿಮಿಷವಾಯಿತು. ತಿಂಗಳುಗಟ್ಟಲೆ ಅಭ್ಯಾಸ ಮಾಡಿ ಪ್ರತಿ ನೂರು ಮೀಟರಿಗೆ 15 ಸೆಕೆಂಡು ಉಳಿಸಿದಿರಿ. ಒಟ್ಟು ಉಳಿತಾಯ ಎರಡು ನಿಮಿಷವೂ ಇಲ್ಲ! ಅದೇ ಸೈಕಲ್ ವೇಗವನ್ನು ಗಂಟೆಗೆ 20 ಕಿಲೋಮೀಟರಿನಿಂದ 22ಕ್ಕೆ ಏರಿಸಿದರೆ ಐದೂವರೆ ನಿಮಿಷ ಉಳಿಯುತ್ತದೆ. ಹಾಗಾದರೆ ಈಜಿಗೆ ಮಹತ್ವ ಇಲ್ಲವೆ? ಇದೆ, ಎಲ್ಲಕ್ಕಿಂತ ಹೆಚ್ಚು ಇದೆ. ಆದರೆ ಆ ಮಹತ್ವ ವೇಗದ್ದಲ್ಲ, ನೆಮ್ಮದಿಯದು. ನೀರಿನಿಂದ ಏದುಸಿರು ಬಿಡುತ್ತ, ಎದೆ ಢವಗುಟ್ಟಿಸಿಕೊಂಡು ಮೇಲೆದ್ದವನಿಗೆ ಮುಂದಿನ ಒಂದೂವರೆ ಗಂಟೆ ಶಿಕ್ಷೆಯಾಗುತ್ತದೆ. ನಿಧಾನವಾಗಿ ಈಜಿ, ಉಸಿರು ಹದವಾಗಿಯೇ ಇದ್ದು ಎದ್ದವನು ಸೈಕಲ್ಲಿನ ಮೇಲೆ ಅವನನ್ನು ಹಿಂದೆ ಹಾಕುತ್ತಾನೆ.

ಇದು ಬರಿಯ ಸ್ಥಾನಮಾನದ ಪ್ರಶ್ನೆಯೂ ಅಲ್ಲ. ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ 2010ರಲ್ಲಿ ಪ್ರಕಟವಾದ ಅಧ್ಯಯನವೊಂದು 2006ರಿಂದ 2008ರವರೆಗೆ ಆ ದೇಶದ ಟ್ರಯಥ್ಲಾನ್‌ಗಳಲ್ಲಿ ಸ್ಪರ್ಧಿಸಿದ ಸುಮಾರು ಒಂಬತ್ತೂವರೆ ಲಕ್ಷ ಮಂದಿಯ ದಾಖಲೆ ನೋಡಿತು. ಸತ್ತವರು 14 ಮಂದಿ. ಅವರಲ್ಲಿ 13 ಮಂದಿ ಸತ್ತದ್ದು ಈಜಿನ ಹೊತ್ತಿನಲ್ಲಿ. ಮರಣೋತ್ತರ ಪರೀಕ್ಷೆ ನಡೆದವರ ಪೈಕಿ ಹೆಚ್ಚಿನವರ ಹೃದಯದಲ್ಲಿ ಮೊದಲೇ ದೋಷವಿತ್ತು. 2017ರಲ್ಲಿ ಬಂದ ಇನ್ನೊಂದು ಅಧ್ಯಯನ 1985ರಿಂದ 2016ರವರೆಗಿನ 135 ಸಾವು ಮತ್ತು ಹೃದಯಸ್ತಂಭನಗಳನ್ನು ಪರಿಶೀಲಿಸಿತು. 90 ಪ್ರಕರಣಗಳು ನೀರಿನಲ್ಲಿ ನಡೆದವು, ನೂರಕ್ಕೆ 85 ಮಂದಿ ಗಂಡಸರು, ಸರಾಸರಿ ವಯಸ್ಸು 47. ಈ ಅಂಕಿಗಳನ್ನು ಹೆದರಿಸಲೆಂದು ಹೇಳುತ್ತಿಲ್ಲ. ಲಕ್ಷಕ್ಕೆ ಒಬ್ಬರು, ಇಬ್ಬರ ಮಾತು ಇದು. ಆದರೆ ನಲವತ್ತು ದಾಟಿದ ಮೇಲೆ ಹುರುಪು ಬಂದು ಹೆಸರು ಕೊಡುವ ಗಂಡಸರು ಮೊದಲು ವೈದ್ಯರ ಬಳಿ ಹೋಗಿ ರಕ್ತದೊತ್ತಡ, ಸಕ್ಕರೆ, ಇಸಿಜಿ ನೋಡಿಸಿಕೊಳ್ಳಬೇಕು. ನಡೆಯುವಾಗ ಎದೆ ಬಿಗಿಯುವುದು, ಕಾರಣವಿಲ್ಲದೆ ತಲೆ ಸುತ್ತಿ ಬೀಳುವುದು, ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಯಾರಾದರೂ ಹಠಾತ್ತಾಗಿ ತೀರಿಕೊಂಡಿರುವುದು, ಇವುಗಳನ್ನು ವೈದ್ಯರಿಗೆ ಬಿಚ್ಚಿ ಹೇಳಬೇಕು. ಜ್ವರ ಬಂದು ಬಿಟ್ಟ ವಾರದಲ್ಲಿ ಸ್ಪರ್ಧೆಗೆ ಇಳಿಯಲೇಬಾರದು. ಕಟ್ಟಿದ ಶುಲ್ಕ ಹೋದರೆ ಹೋಗಲಿ.

ಈಜುಕೊಳದಲ್ಲಿ ಸಲೀಸಾಗಿ ಈಜುವವರು ಬಯಲು ನೀರಿನಲ್ಲಿ ಏಕೆ ಗಾಬರಿಯಾಗುತ್ತಾರೆ? ಕೊಳದಲ್ಲಿ ತಳ ಕಾಣುತ್ತದೆ. ತಳದ ಕಪ್ಪು ಪಟ್ಟೆ ದಾರಿ ತೋರಿಸುತ್ತದೆ. ಇಪ್ಪತ್ತೈದು ಮೀಟರಿಗೊಮ್ಮೆ ಹಿಡಿಯಲು ಗೋಡೆ ಸಿಗುತ್ತದೆ. ಕೆರೆ, ಹಿನ್ನೀರು, ಕಡಲುಗಳಲ್ಲಿ ಇವು ಮೂರೂ ಇಲ್ಲ. ಜೊತೆಗೆ ಅಕ್ಕಪಕ್ಕದವರ ಕೈ ತಾಗುತ್ತದೆ, ಹಿಂದಿನವರು ಕಾಲು ತಟ್ಟುತ್ತಾರೆ, ಒಂದು ಗುಟುಕು ನೀರು ಬಾಯಿಗೆ ಹೋಗುತ್ತದೆ. ಆ ಕ್ಷಣದಲ್ಲಿ ಮನುಷ್ಯ ಸಹಜವಾಗಿ ಮಾಡುವ ಕೆಲಸವೆಂದರೆ ಉಸಿರು ಬಿಗಿಹಿಡಿಯುವುದು. ತೊಂದರೆ ಶುರುವಾಗುವುದೇ ಅಲ್ಲಿ. ಉಸಿರು ಬಿಡದಿದ್ದರೆ ದೇಹದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚುತ್ತದೆ. ಉಸಿರುಗಟ್ಟಿದ ಭಾವನೆಯನ್ನು ಹುಟ್ಟಿಸುವುದು ಬಹುಪಾಲು ಇದೇ. ಗಾಳಿ ಸಾಲದೆಂದು ಮತ್ತೆ ಒಳಗೆಳೆದುಕೊಳ್ಳುತ್ತಾರೆ. ಹಳೆಯದು ಹೊರಗೆ ಹೋಗದೆ ಹೊಸದಕ್ಕೆ ಜಾಗವಾದರೂ ಎಲ್ಲಿ?

ಆದ್ದರಿಂದ ಮೊದಲು ಕಲಿಯಬೇಕಾದದ್ದು ನೀರಿನೊಳಗೆ ಉಸಿರು ಬಿಡುವುದನ್ನು. ಮುಖ ನೀರಿನಲ್ಲಿರುವಷ್ಟು ಹೊತ್ತೂ ಮೂಗು ಬಾಯಿಗಳಿಂದ ಗುಳ್ಳೆಗಳು ಹೊರಡುತ್ತಲೇ ಇರಬೇಕು. ಎರಡನೆಯದು, ಅಂಗಾತ ತೇಲುವುದು. ಗಾಬರಿಯಾದೊಡನೆ ತಟ್ಟನೆ ಬೆನ್ನ ಮೇಲೆ ತಿರುಗಿ, ಆಕಾಶ ನೋಡುತ್ತ ಹತ್ತು ಉಸಿರು ಎಣಿಸುವುದು. ಇದನ್ನು ಕೊಳದ ಆಳವಾದ ಕಡೆ, ತರಬೇತುದಾರರ ಎದುರಿಗೆ, ಬೇಸರ ಬರುವಷ್ಟು ಸಲ ಮಾಡಿ ನೋಡಬೇಕು. ಮೂರನೆಯದು ದಿಕ್ಕು ನೋಡುವುದು. ರಂಗನತಿಟ್ಟಿನಲ್ಲಿ ಮೊಸಳೆಗಳನ್ನು ನೋಡಿದ್ದೀರಲ್ಲ, ಕಣ್ಣು ಮಾತ್ರ ನೀರಿನ ಮೇಲೆ. ಹಾಗೆಯೇ ಎಂಟು ಹತ್ತು ಬಾರಿ ಕೈ ಬೀಸಿದ ಮೇಲೆ ಒಮ್ಮೆ ಕಣ್ಣನ್ನಷ್ಟೇ ಎತ್ತಿ, ಗುರುತಿಗೆ ಬಿಟ್ಟಿರುವ ಬಣ್ಣದ ತೇಲುಬುರುಡೆ ಎಲ್ಲಿದೆಯೆಂದು ನೋಡಿ ಮತ್ತೆ ಮುಖ ಇಳಿಸಬೇಕು. ಇಡೀ ತಲೆ ಎತ್ತಿದರೆ ಸೊಂಟ ಮುಳುಗುತ್ತದೆ.

ಹಳ್ಳಿಯ ಬಾವಿಯಲ್ಲಿ ಬೆನ್ನಿಗೆ ಬೆಂಡೋ ಒಣಗಿದ ಸೋರೆಬುರುಡೆಯೋ ಕಟ್ಟಿಸಿಕೊಂಡು ಈಜು ಕಲಿತವರಿಗೆ ಇಲ್ಲಿ ಒಂದು ಸಂತೋಷದ ಸಮಾಚಾರ. ಅವರಿಗೆ ತಳ ಕಾಣದ ನೀರಿನ ಅಂಜಿಕೆ ಇರುವುದಿಲ್ಲ. ಟ್ರಯಥ್ಲಾನ್ ನಿಯಮವೂ ಯಾವ ಬಗೆಯ ಈಜಾದರೂ ಆಗಬಹುದೆನ್ನುತ್ತದೆ. ಕಪ್ಪೆ ಈಜೂ ನಡೆಯುತ್ತದೆ, ಅಂಗಾತ ಈಜೂ ನಡೆಯುತ್ತದೆ. ನಡುವೆ ದಣಿದರೆ ಕಾವಲು ದೋಣಿಯನ್ನೋ ತೇಲುಬುರುಡೆಯನ್ನೋ ಹಿಡಿದು ಸುಧಾರಿಸಿಕೊಳ್ಳಬಹುದು. ಅದನ್ನು ಹಿಡಿದುಕೊಂಡು ಮುಂದಕ್ಕೆ ಸಾಗಬಾರದು, ಅಷ್ಟೆ. ಇಷ್ಟು ಉದಾರವಾದ ನಿಯಮ ಇದೆಯೆಂದು ಬಹಳ ಮಂದಿ ಹೊಸಬರಿಗೆ ತಿಳಿದೇ ಇರುವುದಿಲ್ಲ. ದೋಣಿ ಮುಟ್ಟಿದರೆ ಹೊರಗೆ ಹಾಕುತ್ತಾರೆಂದು ಹೆದರಿ, ಹಟ ಹಿಡಿದು ಈಜಿ ಕಷ್ಟಕ್ಕೆ ಸಿಕ್ಕಿಕೊಳ್ಳುತ್ತಾರೆ. ನಿಜವಾಗಿ ಸಹಾಯ ಬೇಕಾದಾಗ ಒಂದು ಕೈ ನೇರ ಮೇಲೆತ್ತಿ. ಎದೆ ಬಿಗಿದರೆ, ಕೆಮ್ಮಿನೊಡನೆ ನೊರೆ ಬಂದರೆ, ಉಸಿರಾಟ ಎಷ್ಟು ಹೊತ್ತಾದರೂ ಹದಕ್ಕೆ ಬಾರದಿದ್ದರೆ ಸ್ಪರ್ಧೆ ಅಲ್ಲಿಗೆ ಮುಗಿಯಿತೆಂದು ತಿಳಿದು ದೋಣಿ ಹತ್ತಬೇಕು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಬಯಲು ನೀರಿನ ಅಭ್ಯಾಸವೆಂದು ಒಬ್ಬರೇ ಕೆರೆಗೋ ಕಲ್ಲುಗಣಿಯ ಹೊಂಡಕ್ಕೋ ಇಳಿಯಬೇಡಿ. ಒಳಗಿನ ಕೆಸರು, ಬಳ್ಳಿ, ಒಮ್ಮೆಲೇ ಬದಲಾಗುವ ಆಳ ಮೇಲಿನಿಂದ ಕಾಣುವುದಿಲ್ಲ. ನಗರದ ಬಹುತೇಕ ಕೆರೆಗಳ ನೀರಂತೂ ಕಾಲಿಡಲೂ ಯೋಗ್ಯವಲ್ಲ. ಮಳೆಗಾಲದ ಕರಾವಳಿ ಎಂಥ ಈಜುಗಾರನಿಗೂ ತಕ್ಕದ್ದಲ್ಲ. ಮೊದಲ ಸ್ಪರ್ಧೆಗೆ ಈಜುಕೊಳದಲ್ಲೇ ಈಜು ನಡೆಯುವಂಥದ್ದು ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ, ಅದರಲ್ಲಿ ಅವಮಾನವೇನೂ ಇಲ್ಲ. ಬಯಲು ನೀರಾದರೆ, ಹೊರಡುವಾಗ ಗುಂಪಿನ ಹಿಂದೆ, ಒಂದು ಪಕ್ಕಕ್ಕೆ ನಿಲ್ಲಿ. ಎಲ್ಲರೂ ಧುಮುಕಿದ ಮೇಲೆ ಹತ್ತು ಸೆಕೆಂಡು ಬಿಟ್ಟು ಇಳಿದರೆ ನಿಮ್ಮ ಸುತ್ತ ನೀರು ಖಾಲಿ ಇರುತ್ತದೆ. ಹತ್ತು ಸೆಕೆಂಡು ಕೊಟ್ಟು ಕೊಂಡ ನೆಮ್ಮದಿ ಅದು.

ಸೈಕಲ್ಲಿನ ವಿಷಯಕ್ಕೆ ಬರೋಣ. ಲಕ್ಷಗಟ್ಟಲೆ ಬೆಲೆಯ ಸೈಕಲ್ ಇಲ್ಲದೆ ಟ್ರಯಥ್ಲಾನ್ ಆಗದು ಎಂಬ ಭ್ರಮೆ ಹೇಗೋ ಹಬ್ಬಿದೆ. ವಿಜಯಪುರ, ಬಾಗಲಕೋಟೆ ಕಡೆಯಿಂದ ಬಂದು ರಾಷ್ಟ್ರಮಟ್ಟದಲ್ಲಿ ಪದಕ ಗೆದ್ದ ಸೈಕಲ್ ಪಟುಗಳಲ್ಲಿ ಅನೇಕರು ಸಾಮಾನ್ಯ ಕುಟುಂಬದವರು. ತುಳಿಯುವ ಕಾಲು ಮೊದಲು, ಗಾಡಿ ಆಮೇಲೆ. ಮೊದಲ ಸ್ಪ್ರಿಂಟ್‌ಗೆ ಬ್ರೇಕು ಗಟ್ಟಿಯಾಗಿರುವ, ಚೈನಿಗೆ ಎಣ್ಣೆ ಕಂಡಿರುವ, ನಿಮ್ಮ ಕಾಲಿನ ಉದ್ದಕ್ಕೆ ಸೀಟು ಹೊಂದಿಸಿದ ಯಾವ ಸೈಕಲ್ಲಾದರೂ ಸಾಕು. ಹ್ಯಾಂಡಲ್ಲಿನ ತುದಿಗಳಿಗೆ ಬಿರಡೆ ಇರಬೇಕು, ಇಲ್ಲದಿದ್ದರೆ ತಪಾಸಣೆಯಲ್ಲಿ ಬಿಡುವುದಿಲ್ಲ. ಬಿದ್ದಾಗ ತೆರೆದ ಕೊಳವೆ ಹೊಟ್ಟೆಗೆ ಚುಚ್ಚುತ್ತದೆ ಎಂಬುದೇ ಅದಕ್ಕೆ ಕಾರಣ. ಹೊರಗಿನವರ ಸಹಾಯ ಪಡೆಯುವಂತಿಲ್ಲವಾದ್ದರಿಂದ ಪಂಚರ್ ಆದರೆ ಟ್ಯೂಬು ಬದಲಿಸುವ ಕೆಲಸ ನಿಮ್ಮದೇ. ನಿಮ್ಮ ಬೀದಿಯ ಸೈಕಲ್ ಶಾಪಿನವರ ಪಕ್ಕದಲ್ಲಿ ಕುಳಿತು ಇದನ್ನು ಎರಡು ಮೂರು ಸಲ ಕೈಯಾರೆ ಮಾಡಿ ಕಲಿಯಿರಿ. ನೋಡಿ ಕಲಿತದ್ದು ರಸ್ತೆಯಲ್ಲಿ ನೆನಪಿಗೆ ಬರುವುದಿಲ್ಲ.

ಹೆಲ್ಮೆಟ್ಟಿನ ನಿಯಮ ಬಲು ಕಟ್ಟುನಿಟ್ಟು. ಸ್ಟ್ಯಾಂಡಿನಿಂದ ಸೈಕಲ್ ತೆಗೆಯುವ ಮೊದಲೇ ಹೆಲ್ಮೆಟ್ ಹಾಕಿ ಗಲ್ಲದ ಪಟ್ಟಿ ಬಿಗಿದಿರಬೇಕು. ಮರಳಿ ಬಂದು ಸೈಕಲ್ ಜಾಗಕ್ಕೆ ಸೇರಿಸುವವರೆಗೂ ಅದನ್ನು ಸಡಿಲಿಸುವಂತಿಲ್ಲ. ಬದಲಾವಣೆಯ ಅಂಗಳದೊಳಗೆ ಸೈಕಲ್ ಹತ್ತಬಾರದು, ತಳ್ಳಿಕೊಂಡೇ ಗೆರೆ ದಾಟಬೇಕು. ಹೊಸಬರ ಸ್ಪರ್ಧೆಗಳಲ್ಲಿ ಸಾಮಾನ್ಯವಾಗಿ ಇನ್ನೊಬ್ಬರ ಬೆನ್ನಿಗೆ ಅಂಟಿಕೊಂಡು, ಗಾಳಿ ತಪ್ಪಿಸಿಕೊಂಡು ತುಳಿಯುವುದಕ್ಕೂ ಅವಕಾಶವಿಲ್ಲ. ಹತ್ತು ಮೀಟರ್ ಇಲ್ಲವೆ ಅದಕ್ಕೂ ಹೆಚ್ಚು ಅಂತರ ಬಿಡಬೇಕು. ಕಿವಿಗೆ ಹಾಡು ಹಾಕಿಕೊಳ್ಳುವಂತಿಲ್ಲ.

ಸೈಕಲ್ಲಿನಿಂದ ಇಳಿದು ಓಡಲು ಶುರುಮಾಡಿದಾಗ ಆಗುವ ಅನುಭವ ವಿಚಿತ್ರವಾದದ್ದು. ಕಾಲುಗಳು ನಿಮ್ಮವೇ ಅಲ್ಲವೇನೋ, ಯಾರೋ ಮರದ ತುಂಡು ಕಟ್ಟಿ ಕಳಿಸಿದ್ದಾರೇನೋ ಎನ್ನಿಸುತ್ತದೆ. ಅಷ್ಟು ಹೊತ್ತೂ ಮೈಯ ಭಾರವನ್ನು ಸೀಟು ಹೊತ್ತಿತ್ತು. ತೊಡೆಯ ಸ್ನಾಯುಗಳು ಒಂದೇ ಬಗೆಯ ವೃತ್ತದಲ್ಲಿ ದುಡಿದು ಅದಕ್ಕೇ ಒಗ್ಗಿದ್ದವು. ಈಗ ಇದ್ದಕ್ಕಿದ್ದಂತೆ ಪ್ರತಿ ಹೆಜ್ಜೆಗೂ ಇಡೀ ಭಾರ ಹೊರಬೇಕು. ಇದು ಎಲ್ಲರಿಗೂ ಆಗುತ್ತದೆ, ಮೊದಲ ಕಿಲೋಮೀಟರಿನಲ್ಲಿ ತಾನಾಗಿ ಕಳೆಯುತ್ತದೆ. ಮದ್ದೆಂದರೆ ಅಭ್ಯಾಸ. ವಾರಕ್ಕೊಮ್ಮೆ ಮುಕ್ಕಾಲು ಗಂಟೆ ಸೈಕಲ್ ತುಳಿದು, ಇಳಿದ ಕೂಡಲೇ ಹತ್ತು ನಿಮಿಷ ಓಡಿ. ಹೆಜ್ಜೆ ಚಿಕ್ಕದಿರಲಿ. ಸ್ಪರ್ಧೆಯ ದಿನ ಸೈಕಲ್ಲಿನ ಕೊನೆಯ ಒಂದು ಕಿಲೋಮೀಟರ್ ಹಗುರವಾದ ಗೇರಿನಲ್ಲಿ ತುಳಿದರೆ ಈ ಕಷ್ಟ ಎಷ್ಟೋ ಕಡಿಮೆ.

ಎಷ್ಟು ದಿನದ ತಯಾರಿ ಬೇಕು? ಈಜು ಬರುವವರಿಗೆ, ಅರ್ಧ ಗಂಟೆ ಬಿರುಸಾಗಿ ನಡೆಯಬಲ್ಲವರಿಗೆ, ಹನ್ನೆರಡು ವಾರ ಸಾಕು. ಈಜೇ ಬಾರದಿದ್ದರೆ ಅದನ್ನು ಕಲಿಯಲು ಬೇಕಾದಷ್ಟು ತಿಂಗಳು ಮೊದಲು ಕೊಟ್ಟು, ಆಮೇಲೆ ದಿನ ಎಣಿಸಬೇಕು. ವಾರಕ್ಕೆ ಎರಡು ದಿನ ಈಜು, ಎರಡು ದಿನ ಸೈಕಲ್, ಎರಡು ದಿನ ಓಟ, ಒಂದು ದಿನ ಪೂರ್ತಿ ವಿಶ್ರಾಂತಿ. ಓಡುತ್ತ ಪಕ್ಕದವರೊಡನೆ ಮಾತಾಡಲು ಆಗುವಷ್ಟು ವೇಗ ಇದ್ದರೆ ಸರಿ. ಮಾತು ತುಂಡಾಗುತ್ತಿದ್ದರೆ ವೇಗ ಹೆಚ್ಚಾಯಿತೆಂದೇ ಅರ್ಥ. ಕೊನೆಯ ವಾರ ಅಭ್ಯಾಸವನ್ನು ಅರ್ಧಕ್ಕಿಳಿಸಬೇಕು. ಈ ಮಾತು ಯಾರಿಗೂ ರುಚಿಸುವುದಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ಇಡೀ ಪುಸ್ತಕ ಓದುವ ಅಭ್ಯಾಸ ನಮಗೆಲ್ಲ ರಕ್ತಗತ.

ಮಹಿಳೆಯರಿಗೆ ಇದೆಲ್ಲ ಎಲ್ಲಿ ಸಾಧ್ಯ ಎಂದು ಕೆಲವರು ಕೇಳಬಹುದು. ಬೆಂಗಳೂರಿನ ನಂಟುಳ್ಳ ಅನು ವೈದ್ಯನಾಥನ್ ಅವರು 2009ರಲ್ಲಿ ಕೆನಡಾದ ಅಲ್ಟ್ರಾಮನ್ ಸ್ಪರ್ಧೆ ಮುಗಿಸಿದರು. ಮೂರು ದಿನಗಳಲ್ಲಿ 10 ಕಿಲೋಮೀಟರ್ ಈಜು, 420 ಕಿಲೋಮೀಟರ್ ಸೈಕಲ್, 84 ಕಿಲೋಮೀಟರ್ ಓಟ! ದೇಹಕ್ಕೆ ಇದು ಅಸಾಧ್ಯವಲ್ಲ. ಹೆಣ್ಣುಮಗಳೊಬ್ಬಳಿಗೆ ಬೆಳಗಿನ ಐದಕ್ಕೆ ನಿರ್ಭಯವಾಗಿ ಸೈಕಲ್ ತುಳಿಯುವ ರಸ್ತೆ, ಅಷ್ಟು ಹೊತ್ತು ಮನೆಯ ಒಲೆಯನ್ನು ನೋಡಿಕೊಳ್ಳುವ ಇನ್ನೊಂದು ಕೈ, ಇವು ಸಿಗುವುದೇ ಕಷ್ಟ. ಮನೆಯ ಗಂಡಸರು ಈ ಪುಟವನ್ನೂ ಓದಲಿ.

ಊಟ ತಿಂಡಿಯಲ್ಲಿ ವಿಶೇಷವೇನೂ ಬೇಡ. ಸ್ಪರ್ಧೆಗೆ ಎರಡು ಮೂರು ಗಂಟೆ ಮುಂಚೆ ನಾಲ್ಕು ಇಡ್ಲಿಯೋ ಒಂದು ಬಟ್ಟಲು ಅವಲಕ್ಕಿಯೋ, ಜೊತೆಗೊಂದು ಬಾಳೆಹಣ್ಣು ಸಾಕು. ಖಾರ, ಎಣ್ಣೆ ಬೇಡ. ಅಂಗಡಿಯಲ್ಲಿ ಹೊಗಳಿ ಕೊಟ್ಟ ಹೊಸ ಪುಡಿಯನ್ನು ಅಂದೇ ಮೊದಲ ಸಲ ಕುಡಿಯಬೇಡಿ. ಹೊಸ ಬೂಟೂ ಅಷ್ಟೆ. ಸೈಕಲ್ಲಿನ ಬಾಟಲಿಯಲ್ಲಿ ಉಪ್ಪು ಸಕ್ಕರೆ ಬೆರೆಸಿದ ನಿಂಬೆ ಪಾನಕ ಇಟ್ಟುಕೊಂಡು, ಬಾಯಾರಿದಾಗ ಎರಡೆರಡು ಗುಟುಕು ಕುಡಿದರಾಯಿತು.

ಅಂದು ಬೆಳಿಗ್ಗೆ ಬದಲಾವಣೆಯ ಅಂಗಳಕ್ಕೆ ಮುಂಚಿತವಾಗಿ ಹೋಗಿ. ಹೆಲ್ಮೆಟ್ಟನ್ನು ಪಟ್ಟಿ ಬಿಚ್ಚಿ ಹ್ಯಾಂಡಲ್ಲಿನ ಮೇಲಿಡಿ. ಬೂಟಿನೊಳಗೆ ಸ್ವಲ್ಪ ಪೌಡರ್ ಉದುರಿಸಿ. ಒಂದು ಚಿಕ್ಕ ಟವೆಲ್ ಹಾಸಿ. ನೀರಿನಿಂದ ಬರುವ ಬಾಗಿಲಿನಿಂದ ನಿಮ್ಮ ಸೈಕಲ್ ಎಷ್ಟನೆಯ ಸಾಲಿನಲ್ಲಿದೆ ಎಂದು ನಡೆದು ಎಣಿಸಿಕೊಳ್ಳಿ. ಈಜಿ ಬಂದ ತಲೆಗೆ ನೂರಾರು ಸೈಕಲ್ಲುಗಳ ನಡುವೆ ತನ್ನದು ಯಾವುದೆಂದು ಹೊಳೆಯುವುದಿಲ್ಲ. ಅಷ್ಟು ಹೊತ್ತು ಮಲಗಿದಂತಿದ್ದ ದೇಹ ಒಮ್ಮೆಲೇ ನಿಂತಾಗ ತಲೆ ಸುತ್ತುವುದೂ ಉಂಟು. ಕೊನೆಯ ಐವತ್ತು ಮೀಟರ್ ಕಾಲನ್ನು ಸ್ವಲ್ಪ ಜೋರಾಗಿ ಬಡಿದು, ನಿಧಾನವಾಗಿ ಎದ್ದು, ನಡೆದೇ ಹೋಗಿ.

ಗುರಿಯ ಗೆರೆ ದಾಟಿದೊಡನೆ ದೊಪ್ಪನೆ ಕೂರಬೇಡಿ. ಹತ್ತು ನಿಮಿಷವಾದರೂ ಅಡ್ಡಾಡುತ್ತಿರಿ, ಕಾಲಿನಲ್ಲಿ ನಿಂತ ರಕ್ತ ಮೇಲಕ್ಕೆ ಮರಳಲಿ. ಮಜ್ಜಿಗೆಯೋ ಪಾನಕವೋ ಕುಡಿಯಿರಿ, ಏನಾದರೂ ತಿನ್ನಿ. ನಿಮ್ಮ ಹಿಂದೆ ಇನ್ನೂ ಬರುತ್ತಿರುವವರಿಗೆ ನಾಲ್ಕು ಚಪ್ಪಾಳೆ ತಟ್ಟಿ. ಎದೆಗೆ ಕಟ್ಟಿದ ಸಂಖ್ಯೆಯ ಚೀಟಿಯನ್ನು ಮಾತ್ರ ಸಂಭ್ರಮದಲ್ಲಿ ಹರಿದು ಎಸೆಯಬೇಡಿ. ಅದನ್ನೂ ಸೈಕಲ್ಲಿಗೆ ಅಂಟಿಸಿದ ಸಂಖ್ಯೆಯನ್ನೂ ತಾಳೆ ನೋಡಿದ ಮೇಲೆಯೇ ಕಾವಲಿನವರು ನಿಮ್ಮ ಸೈಕಲ್ಲನ್ನು ಹೊರಗೆ ಬಿಡುತ್ತಾರೆ.